ಗೌರಮ್ಮನ ಒಡವೆ ಯಾರದು?

ಒಂದು ಬಗೆಯ ಕಥೆ ನಮಗೆಲ್ಲ ಗೊತ್ತು. ದೊಡ್ಡ ಮನೆತನದ ಹುಡುಗಿ. ಮಾತುಕತೆ ಮುಗಿದ ಗಂಡು ಕೊನೆ ಗಳಿಗೆಯಲ್ಲಿ ಕೈಕೊಡುತ್ತಾನೆ. ಊರು ಆಡಿಕೊಳ್ಳುತ್ತದೆ. ಆಗ ಅವಳ ಬದುಕಿನಲ್ಲಿ ಕುಲ, ಹಣ, ಹೆಸರು ಯಾವುದೂ ಇಲ್ಲದ, ಕೈಯಲ್ಲೊಂದು ಕಸುಬು ಮಾತ್ರ ಇರುವ ಒಬ್ಬ ಬರುತ್ತಾನೆ. ಇಬ್ಬರೂ ಸೇರಿ ಅಂಗಡಿಯನ್ನೋ ಕಾರ್ಖಾನೆಯನ್ನೋ ಶುರುಮಾಡುತ್ತಾರೆ. ವ್ಯಾಪಾರ ಕುದುರುತ್ತದೆ, ಪ್ರೀತಿಯೂ ಕುದುರುತ್ತದೆ. ಕೊನೆಯ ಅಧ್ಯಾಯದಲ್ಲಿ ಕೈಕೊಟ್ಟವನು ಎದುರು ಬಂದು ತಲೆ ತಗ್ಗಿಸುತ್ತಾನೆ.

ನಾನಿರುವ ಕುಮಾರ ಪಾರ್ಕಿನ ಆಸುಪಾಸಿನಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದ ಕಾಲದಲ್ಲಿ ಇಂಥ ಇಂಗ್ಲಿಷ್ ಕಾದಂಬರಿಗಳ ಹಾಳೆಗಳು ಕೈಯಿಂದ ಕೈಗೆ ಹೋಗಿ ಹಣ್ಣಾಗಿರುತ್ತಿದ್ದವು. ಈಗ ಅದೇ ಕಥೆ ಧಾರಾವಾಹಿಯಾಗಿ, ಫೋನಿನಲ್ಲಿ ಓದುವ ಕಂತುಗಳಾಗಿ ಬರುತ್ತಿದೆ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಇಷ್ಟು ಜನ ಇಷ್ಟು ಕಾಲ ಮತ್ತೆ ಮತ್ತೆ ಕೇಳಲು ಬಯಸುವ ಕಥೆಯಲ್ಲಿ ಅವರಿಗೆ ಬೇಕಾದದ್ದು ಏನೋ ಇರಲೇಬೇಕು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ವ್ಯಾಪಾರ ನಷ್ಟಕ್ಕೆ ಬಿದ್ದಿದ್ದರೆ? ಅಂಗಡಿ ಮುಚ್ಚಿ, ಸಾಲಗಾರರು ಬಾಗಿಲಿಗೆ ಬಂದಿದ್ದರೆ, ಅವಳು ಅವನನ್ನು ಆರಿಸಿಕೊಂಡದ್ದು ತಪ್ಪಾಗುತ್ತಿತ್ತೇ? ಕಥೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಲಾಭವನ್ನು ಮುಂದೆ ತಂದು ನಿಲ್ಲಿಸಿ ಪ್ರೀತಿಯ ಪರವಾಗಿ ಸಾಕ್ಷಿ ಹೇಳಿಸಿಬಿಡುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಕಾದಂಬರಿಗಿಂತ ಚರಿತ್ರೆ ವಾಸಿ. ಕನ್ನಡ ನೆಲದ ಚರಿತ್ರೆಯಲ್ಲೇ ಈ ಕಥೆಗೆ ಅತಿ ಸಮೀಪದ ಒಂದು ಬದುಕಿದೆ. ಆರಂಭವೆಲ್ಲ ಕಾದಂಬರಿಯ ಹಾಗೇ ಇದೆ, ಅಂತ್ಯ ಮಾತ್ರ ಬೇರೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಕೊಡಗಿನ ಕೊನೆಯ ಅರಸನ ಪರಿಚಯವಿರುತ್ತದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆತನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ಆಳ್ವಿಕೆಗೆ ತೆಗೆದುಕೊಂಡಿತು. ಅರಸನನ್ನು ಕಾಶಿಗೆ ಕಳಿಸಿತು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. 1852ರಲ್ಲಿ ಅರಸ ಆ ಹನ್ನೊಂದರ ಹುಡುಗಿಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯ ಬಳಿ ಉಳಿದಿದ್ದ ತನ್ನ ಮನೆತನದ ಹಣವನ್ನು ವಾಪಸು ಕೇಳುವುದು ಅವನ ಉದ್ದೇಶಗಳಲ್ಲಿ ಒಂದು. ಅದಕ್ಕಾಗಿ ಅವನು ಅಲ್ಲಿನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ. ಹಣ ಸಿಗಲಿಲ್ಲ. ಮಗಳು ಮಾತ್ರ ರಾಣಿ ವಿಕ್ಟೋರಿಯಾಳ ಧರ್ಮಪುತ್ರಿಯಾದಳು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ರಾಣಿಯ ಹೆಸರನ್ನೇ ಇಟ್ಟರು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಮರೊಕೆಟಿ ಎಂಬ ಶಿಲ್ಪಿ ಅವಳ ಮೂರ್ತಿ ಮಾಡಿದ. ಇಂಗ್ಲಿಷ್ ಕುಟುಂಬಗಳ ಸುಪರ್ದಿನಲ್ಲಿ ಬೆಳೆದ ಆ ಹುಡುಗಿಗೆ ಸ್ವಂತ ತಂದೆಯನ್ನು ನೋಡುವುದಕ್ಕೂ ಮಿತಿಯಿತ್ತು.

ಅವಳಿಗೊಂದು ಗಂಡನ್ನೂ ರಾಣಿಯೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್. ಅವನೂ ರಾಜ್ಯ ಕಳೆದುಕೊಂಡವನು, ಅವನೂ ಕ್ರೈಸ್ತನಾದವನು, ಅವಳಿಗಿಂತ ಎರಡು-ಮೂರು ವರ್ಷ ದೊಡ್ಡವನು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ದುಲೀಪ್ ಸಿಂಗ್ ಒಪ್ಪಲಿಲ್ಲ. ಸ್ನೇಹಿತೆಯಾಗಿ ಇರಲಿ, ಹೆಂಡತಿಯಾಗಿ ಬೇಡ ಎಂಬುದು ಅವನ ನಿಲುವು. ಇಬ್ಬರನ್ನೂ ಪ್ರದರ್ಶನಕ್ಕಿಟ್ಟ ಆಟಿಕೆಗಳಂತೆ ಜೋಡಿಸಲು ಹೊರಟದ್ದನ್ನು ನೆನೆದರೆ ಅವನ ನಿರಾಕರಣೆಯನ್ನು ನಾನು ದೂರಲಾರೆ. ಆದರೆ ನಿರಾಕರಣೆಯ ಫಲವನ್ನು ಉಂಡವಳು ಅವಳು.

ಮುಂದೆ ನಮ್ಮ ಕಾದಂಬರಿಯ ಎರಡನೆಯ ಅಧ್ಯಾಯ ಬರಬೇಕು, ಬರುತ್ತದೆ ಕೂಡ. ಗೌರಮ್ಮ ತಾನಿದ್ದ ಮನೆಯ ಕೆಲಸದಾಳೊಬ್ಬನನ್ನು ಮೆಚ್ಚಿದಳು, ಅವನೊಂದಿಗೆ ಓಡಿಹೋಗುವ ಯೋಚನೆಯನ್ನೂ ಮಾಡಿದ್ದಳು. ಸುದ್ದಿ ಹೊರಬಿತ್ತು. ಅಲ್ಲಿಗೆ ಅದು ಮುಗಿಯಿತು. ಅವಳ ಮೇಲೆ ಕಾವಲು ಬಿಗಿಯಾಯಿತು. ಸರ್ ಜಾನ್ ಲಾಗಿನ್ ದಂಪತಿಯ ಉಸ್ತುವಾರಿಗೆ ಅವಳನ್ನು ಒಪ್ಪಿಸಲಾಯಿತು. 1860ರಲ್ಲಿ ಲೇಡಿ ಲಾಗಿನ್ ಅವರ ಅಣ್ಣ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಮದುವೆಯಾಯಿತು. ಕ್ಯಾಂಬೆಲ್ ಮೊದಲ ಹೆಂಡತಿಯನ್ನು ಕಳೆದುಕೊಂಡವನು, ಅವಳ ತಂದೆಯ ವಯಸ್ಸಿನವನು. ಆದರೆ ಸೈನ್ಯದ ಅಧಿಕಾರಿ, ಮರ್ಯಾದಸ್ಥ. ಮರುವರ್ಷ ಎಡಿತ್ ಎಂಬ ಮಗಳು ಹುಟ್ಟಿದಳು. ಗಂಡನ ಕಣ್ಣು ಹೆಂಡತಿಯ ಹಣ ಮತ್ತು ಒಡವೆಯ ಮೇಲೇ ಇತ್ತು ಎಂದು ಅವಳ ಬದುಕನ್ನು ಕುರಿತು ಬರೆದವರು ಹೇಳುತ್ತಾರೆ. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಕೆಲವೇ ವರ್ಷಗಳಲ್ಲಿ ಕ್ಯಾಂಬೆಲ್ ಕಾಣೆಯಾದ. ಕೊಡಗಿನ ಅರಸ ಮಗಳಿಗೆ ಬಿಟ್ಟುಹೋದ ಒಡವೆಗಳೂ ಸಿಗಲಿಲ್ಲ.

ಈ ಬದುಕನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಸಾವಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಶ್ರೀಮಂತ ಹುಡುಗಿಯೊಬ್ಬಳು ಬಡವನನ್ನು ಮೆಚ್ಚಿದಾಗ ಎಲ್ಲ ಕಾಲದಲ್ಲೂ ಎಲ್ಲ ಊರಲ್ಲೂ ಹಿರಿಯರ ಬಾಯಿಂದ ಬರುವ ಮಾತು ಒಂದೇ: ಅವನಿಗೆ ಬೇಕಾಗಿರುವುದು ನೀನಲ್ಲ, ನಿನ್ನ ಆಸ್ತಿ. ಕೆಲವೊಮ್ಮೆ ಅದು ನಿಜವೂ ಇರಬಹುದು. ಗೌರಮ್ಮ ಮೆಚ್ಚಿದ ಆ ಹುಡುಗನ ಮನಸ್ಸಿನಲ್ಲಿ ಏನಿತ್ತೋ, ಅದು ತೋರಿಬರುವಷ್ಟು ಸಮಯವನ್ನು ಯಾರೂ ಅವನಿಗೆ ಕೊಡಲಿಲ್ಲ. ಆದರೆ ಹಿರಿಯರೆಲ್ಲ ಒಪ್ಪಿದ ಕರ್ನಲ್‌ನ ಕೈಗೆ ಅವಳು ಹೋದಮೇಲೆ ಏನಾಯಿತು ಎಂಬುದು ಗೊತ್ತಿದೆ. ನಮ್ಮ ಅನುಮಾನ ಸದಾ ಕೆಳಮುಖವಾಗಿ ಹರಿಯುತ್ತದೆ. ಬಡವನ ಪ್ರೀತಿಗೆ ಲೆಕ್ಕಪತ್ರ ಕೇಳುತ್ತೇವೆ, ಸ್ಥಿತಿವಂತನ ಸಂಬಂಧಕ್ಕೆ ಕೇಳುವುದಿಲ್ಲ. ವರದಕ್ಷಿಣೆಯ ಮಾತುಕತೆಯಲ್ಲಿ ಕೂತು ಲಕ್ಷಗಳ ಚೌಕಾಶಿ ಮಾಡಿದ ಮನೆಯವರೇ, ಮಗಳು ತಾನಾಗಿ ಆರಿಸಿದವನ ಸಂಬಳ ಎಷ್ಟೆಂದು ಕೇಳಿ ಅವನನ್ನು ದುರಾಸೆಯವನು ಅನ್ನುತ್ತಾರೆ.

ಈ ಕಥೆಗೆ ಒಂದು ಬಾಲವೂ ಇದೆ. ಗೌರಮ್ಮ ಸತ್ತ 1864ರಲ್ಲೇ ದುಲೀಪ್ ಸಿಂಗ್ ಮದುವೆಯಾದ. ಹುಡುಗಿ ಯಾರು? ಬಂಬಾ ಮುಲ್ಲರ್. ತಂದೆ ಜರ್ಮನ್ ವರ್ತಕ, ತಾಯಿ ಅಬಿಸೀನಿಯದಿಂದ ಗುಲಾಮಳಾಗಿ ಬಂದವಳು, ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಕೈರೋದ ಮಿಷನ್ ಶಾಲೆಯಲ್ಲಿ ಬಂಬಾಳನ್ನು ಕಂಡ ಮಹಾರಾಜ ಅಲೆಗ್ಸಾಂಡ್ರಿಯದಲ್ಲಿ ಅವಳನ್ನು ಕೈಹಿಡಿದ. ಅರಸುಮಗಳಿಗೆ ನಿಷಿದ್ಧವಾಗಿದ್ದ ಕೆಲಸವನ್ನು ಅರಸುಮಗ ಸಲೀಸಾಗಿ ಮಾಡಿದ. ಜನ ಹುಬ್ಬೇರಿಸಿರಬಹುದು, ಆದರೆ ಯಾರೂ ಅವನನ್ನು ಕಾವಲಿನಲ್ಲಿಡಲಿಲ್ಲ. ವ್ಯತ್ಯಾಸ ಎಲ್ಲಿತ್ತು? ಧೈರ್ಯದಲ್ಲಿ ಇರಲಿಲ್ಲ, ಓಡಿಹೋಗಲು ಹೊರಟವಳಲ್ಲಿ ಧೈರ್ಯ ಕಡಿಮೆಯೇನಲ್ಲ. ದುಲೀಪನ ಪಿಂಚಣಿ ದುಲೀಪನ ಕೈಗೆ ಬರುತ್ತಿತ್ತು. ಗೌರಮ್ಮನ ಒಡವೆ, ಹಣ ಎಲ್ಲವೂ ಅವಳ ಹೆಸರಿನಲ್ಲಿದ್ದರೂ ಬೇರೆಯವರ ಕೈಯಲ್ಲಿದ್ದವು. ಮದುವೆಯಾದ ಹೆಣ್ಣಿನ ಚರಸೊತ್ತು ಗಂಡನದಾಗುವುದೇ ಆಗ ಇಂಗ್ಲೆಂಡಿನ ಸಾಮಾನ್ಯ ಕಾನೂನು. ಅದನ್ನು ಬದಲಿಸುವ ಕಾಯ್ದೆಗಳು ಬಂದದ್ದು 1870ರಲ್ಲಿ ಅರ್ಧಂಬರ್ಧವಾಗಿ, 1882ರಲ್ಲಿ ಬಹುಮಟ್ಟಿಗೆ ಪೂರ್ಣವಾಗಿ. ಗೌರಮ್ಮನಿಗೆ ಎರಡೂ ತಡವಾದವು.

ಈಗ ನನ್ನ ಪ್ರಶ್ನೆಗೆ ಮರಳುತ್ತೇನೆ. ಗೆಲುವು ಪ್ರೀತಿಯನ್ನು ಸರಿ ಮಾಡುತ್ತದೆಯೇ? ಇದನ್ನು ಹೋಲುವ ಪ್ರಶ್ನೆಯನ್ನು ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1976ರಲ್ಲಿ ಎತ್ತಿದ. ಅವನು ಕೊಟ್ಟ ಉದಾಹರಣೆ ಚಿತ್ರಕಾರ ಗೋಗ್ಯಾಂನದು. ಚಿತ್ರ ಬರೆಯಲೆಂದು ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ದ್ವೀಪಕ್ಕೆ ಹೊರಡುವವನ ನಿರ್ಧಾರ ಸರಿಯೋ ತಪ್ಪೋ ಎಂಬುದು ಹೊರಡುವ ದಿನ ತೀರ್ಮಾನವಾಗುವುದಿಲ್ಲ. ಅವನು ದೊಡ್ಡ ಕಲಾವಿದನಾದರೆ ಮಾತ್ರ ಹಿಂತಿರುಗಿ ನೋಡಿ ಸಮರ್ಥಿಸಿಕೊಳ್ಳಲು ಅವನಿಗೆ ಏನಾದರೂ ಇರುತ್ತದೆ ಎಂಬುದು ವಿಲಿಯಮ್ಸ್‌ನ ವಾದ. ಇಷ್ಟವಾಗದಿದ್ದರೂ ತಳ್ಳಿಹಾಕಲಾಗದ ಮಾತು ಇದು. ನಾವು ನಿಜವಾಗಿಯೂ ಹಾಗೇ ತೂಗುತ್ತೇವೆ. ಮನೆಬಿಟ್ಟು ಹೋಗಿ ಹೋಟೆಲ್ ಇಟ್ಟು ಗೆದ್ದವನು ಸಾಹಸಿ, ಸೋತು ಮರಳಿದವನು ಪುಂಡ. ಹೊರಟ ದಿನ ಇಬ್ಬರೂ ಒಂದೇ ಬಸ್ಸು ಹತ್ತಿದ್ದರು.

ಕನ್ನಡದ ಮನಸ್ಸಿಗೆ ಆಳವಾಗಿ ಇಳಿದಿರುವ ಒಂದು ಮದುವೆಯ ಮೇಲೆ ಈ ಅಳತೆಗೋಲನ್ನು ಇಟ್ಟು ನೋಡೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳನ್ನು ಚಮ್ಮಾರ ಹರಳಯ್ಯನ ಮಗನಿಗೆ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಬಿಜ್ಜಳನ ಆಜ್ಞೆಯಂತೆ ಇಬ್ಬರು ತಂದೆಯರನ್ನೂ ಎಳೆಹೂಟೆ ಕಟ್ಟಿ ಕೊಂದರು. ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು. ಗಿರೀಶ ಕಾರ್ನಾಡರ ‘ತಲೆದಂಡ’ ಕಟ್ಟಿಕೊಂಡಿರುವುದು ಇದೇ ಘಟನೆಯ ಸುತ್ತ. ಲೋಕದ ಲೆಕ್ಕದಲ್ಲಿ ಆ ಮದುವೆಯಷ್ಟು ಸೋತ ಮದುವೆ ಮತ್ತೊಂದಿಲ್ಲ. ಹಾಗಿದ್ದರೂ ಎಂಟುನೂರು ವರ್ಷಗಳಿಂದ ಆ ಮದುವೆಯನ್ನು ನೆನೆಯುವವರು ಅದು ನಡೆಯಬಾರದಿತ್ತು ಎನ್ನುವುದಿಲ್ಲ. ತಪ್ಪು ಬಿಜ್ಜಳನದು ಎನ್ನುತ್ತಾರೆ. ಸರಿತನವನ್ನು ಫಲದಿಂದ ಅಳೆಯದೆ ಇರುವುದು ನಮಗೆ ಅಪರಿಚಿತವಲ್ಲ ಎಂದಾಯಿತು. ವಿಲಿಯಮ್ಸ್‌ನ ಗೋಗ್ಯಾಂಗೂ ಕಲ್ಯಾಣದ ಆ ಮನೆಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗೋಗ್ಯಾಂ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು ಹೊರಟವನು. ಅವನಿಗೆ ಸಮರ್ಥನೆ ಬೇಕಾಗಿತ್ತು. ತನಗೆ ಸರಿ ಕಂಡವನೊಡನೆ ಬಾಳಲು ಹೊರಟ ಹೆಣ್ಣು ಯಾರಿಗೂ ಏನನ್ನೂ ಕಸಿದಿಲ್ಲ. ಸಾಲವೇ ಇಲ್ಲದ ಕಡೆ ತೀರಿಸುವ ಮಾತೇಕೆ?

ಹಾಗಾದರೆ ನಮ್ಮ ಜನಪ್ರಿಯ ಕಥೆಯಲ್ಲಿ ವ್ಯಾಪಾರ ಬರೀ ಅಲಂಕಾರವೇ? ಇಲ್ಲ. ಕಥೆ ಅದನ್ನು ತಪ್ಪು ಜಾಗದಲ್ಲಿ ಇಟ್ಟಿದೆ, ಅಷ್ಟೇ. ಪ್ರೀತಿಗೆ ಸಿಕ್ಕ ಬಹುಮಾನವಾಗಿ ಕೊನೆಯಲ್ಲಿ ಬರುವ ದುಡಿಮೆ ಮೊದಲೇ ಬರಬೇಕಾದದ್ದು. ಕೈಯಲ್ಲಿ ತನ್ನದೆನ್ನುವ ಕೆಲಸ, ತನ್ನದೆನ್ನುವ ಕಾಸು ಇದ್ದಾಗಲೇ ಒಬ್ಬಳು ‘ಇವನು ಬೇಕು’ ಎಂದದ್ದಕ್ಕೆ ಪೂರ್ತಿ ಅರ್ಥ. ಅದಕ್ಕಿಂತ ಮುಖ್ಯವಾಗಿ, ಮುಂದೊಂದು ದಿನ ‘ಇವನು ಬೇಡ’ ಎನ್ನುವುದಕ್ಕೂ ಅದು ಬೇಕು. ಕಲ್ಯಾಣದ ಶರಣರು ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದ್ದರಲ್ಲಿ ಇದೂ ಇತ್ತೆಂದು ನನಗನ್ನಿಸುತ್ತದೆ. ಚಪ್ಪಲಿ ಹೊಲಿಯುವ ಕೈಗೆ ಗೌರವವಿರುವಲ್ಲಿ ಆ ಮನೆಗೆ ಬಂದ ಸೊಸೆ ಕೆಳಗಿಳಿದಳು ಎನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕೆ ಸಮೀಪದ ಇನ್ನೊಂದು ಬದುಕಿನ ಗುರುತುಗಳು ನಮ್ಮ ಬಡಾವಣೆಯ ಪಕ್ಕದಲ್ಲೇ ಇವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ‘ಕುಮಾರ ಕೃಪಾ’ ಇದ್ದ ರಸ್ತೆಯಲ್ಲಿ ಇಂದು ಚಿತ್ರಕಲಾ ಪರಿಷತ್ತು ಇದೆ. ಅಲ್ಲಿ ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳನ್ನು ನೋಡಲು ನಾನು ಆಗಾಗ ಹೋಗುತ್ತೇನೆ. ಅವರ ಪತ್ನಿ ದೇವಿಕಾರಾಣಿ. ಬಂಗಾಳದ ಜಮೀನ್ದಾರಿ ಮನೆತನದ ಹೆಣ್ಣು, ರವೀಂದ್ರನಾಥ ಠಾಕೂರರ ಅಕ್ಕನ ಮೊಮ್ಮಗಳು. ಮೊದಲ ಪತಿ ಹಿಮಾಂಶು ರಾಯ್ ಅವರೊಂದಿಗೆ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದವರು. ಮರ್ಯಾದಸ್ಥ ಮನೆಯ ಹೆಣ್ಣು ತೆರೆಯ ಮೇಲೆ ಬರುವುದೇ ಅಪವಾದವಾಗಿದ್ದ ಕಾಲ ಅದು. 1940ರಲ್ಲಿ ರಾಯ್ ತೀರಿಕೊಂಡಾಗ ಆ ಸಂಸ್ಥೆಯನ್ನು ಆಕೆಯೇ ನಡೆಸಿದರು. ‘ಕಿಸ್ಮತ್’ ಬಂದದ್ದು, ದಿಲೀಪ್ ಕುಮಾರ್ ಮೊದಲ ಸಲ ತೆರೆಗೆ ಬಂದದ್ದು ಆ ವರ್ಷಗಳಲ್ಲಿ. 1945ರಲ್ಲಿ ಅದೆಲ್ಲವನ್ನೂ ಬಿಟ್ಟು ರೋರಿಕ್ ಅವರನ್ನು ಮದುವೆಯಾದರು. ಮುಂದೆ ಇಬ್ಬರೂ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿ ಲಿನಲೂ ಗಿಡಗಳನ್ನು ಬೆಳೆದರು. ಮೆಕ್ಸಿಕೋ ಮೂಲದ ಆ ಮರದ ಕಾಯಿ ಸಿಪ್ಪೆಯಿಂದ ಭಟ್ಟಿ ಇಳಿಸಿದ ಎಣ್ಣೆ ಸುಗಂಧದ್ರವ್ಯಗಳಿಗೆ ಬೇಕಾದದ್ದು.

ಹೋಲಿಕೆಯನ್ನು ಎಳೆದಾಡಬಾರದು. ಇಲ್ಲಿ ಕೈಕೊಟ್ಟವರು ಇಲ್ಲ. ರೋರಿಕ್ ಜನಸಾಮಾನ್ಯರೂ ಅಲ್ಲ, ಹೆಸರಾಂತ ಚಿತ್ರಕಾರ ನಿಕೊಲಾಯ್ ರೋರಿಕ್ ಅವರ ಮಗ. ಆದರೂ ನನಗೆ ಬೇಕಾದ ಒಂದು ಅಂಶ ಇಲ್ಲಿದೆ. ಎರಡನೆಯ ಮದುವೆಯ ಹೊತ್ತಿಗೆ ಮೂವತ್ತೇಳರ ದೇವಿಕಾರಾಣಿ ಒಂದು ದೊಡ್ಡ ಉದ್ಯಮವನ್ನು ನಡೆಸಿ ತೋರಿಸಿದ್ದರು. ಯಾರ ಆಸರೆಯನ್ನೂ ಹುಡುಕಿ ಹೋಗಬೇಕಾದ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಹಾಗಾಗಿ ಅದು ಆಯ್ಕೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಕೊನೆಗಾಲ ಕಾದಂಬರಿಯ ಹಾಗೇನೂ ಇರಲಿಲ್ಲ. ಮುಪ್ಪಿನಲ್ಲಿ ಇಬ್ಬರೂ ಇದೇ ಕುಮಾರ ಕೃಪಾ ರಸ್ತೆಯ ಅಶೋಕ ಹೋಟೆಲಿನಲ್ಲಿ ಇದ್ದರು. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾರಾಣಿ ತೀರಿಕೊಂಡರು. ನಾನೂರ ಅರುವತ್ತಕ್ಕೂ ಹೆಚ್ಚು ಎಕರೆಯ ಆ ತೋಟಕ್ಕಾಗಿ ವ್ಯಾಜ್ಯ ಹುಟ್ಟಿತು. 1996ರಲ್ಲಿ ಕರ್ನಾಟಕ ಸರ್ಕಾರ ಅದನ್ನು ವಶಪಡಿಸಿಕೊಳ್ಳಲು ಕಾಯ್ದೆಯನ್ನೇ ತಂದಿತು. 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ತೋಟ ಯಾರಿಗೆ ಸೇರಿತು ಎಂಬ ತೀರ್ಪಿನಿಂದ ಆ ದಾಂಪತ್ಯ ಹೇಗಿತ್ತು ಎಂದು ಹೇಳಲು ಬರುವುದಿಲ್ಲ. ಲಾಭ ನಷ್ಟಗಳು ಪ್ರೀತಿಯ ಸಾಕ್ಷಿಗಳಾಗಲಾರವು ಎಂದು ನಾನು ಹೇಳುತ್ತಿರುವುದು ಇದನ್ನೇ.

ಇದು ರಾಜಕುಮಾರಿಯರ, ಚಿತ್ರತಾರೆಯರ ಮಾತು, ನಮಗೇನು ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಕುಮಾರ ಪಾರ್ಕಿನಲ್ಲಿ ಹಳೆಯ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುವುದನ್ನು ನೋಡುತ್ತಿರುವ ನನಗೆ ಅದು ತೀರ ಹತ್ತಿರದ ಮಾತು. ಮನೆ ಕೆಡವುವ ಮೊದಲು ಪಾಲಾಗುತ್ತದೆ. ಪಾಲಾಗುವ ಮೊದಲು ಹೆಣ್ಣುಮಕ್ಕಳ ಮುಂದೆ ಒಂದು ಕಾಗದ ಬರುತ್ತದೆ. ಹಕ್ಕು ಬಿಡುಗಡೆ ಪತ್ರ. ಅಣ್ಣ ತಮ್ಮಂದಿರ ಮೇಲಿನ ಪ್ರೀತಿಯಿಂದ ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎನ್ನುವ ಅರ್ಥದ ಸಾಲುಗಳು ಅದರಲ್ಲಿರುತ್ತವೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು ಅವರು ರುಜು ಹಾಕುತ್ತಾರೆ, ಆಮೇಲೆ ಎಲ್ಲರೂ ಸೇರಿ ಊಟಕ್ಕೆ ಹೋಗುತ್ತಾರೆ. ಸಹಿ ಹಾಕದಿದ್ದರೆ ತವರು ಮುಚ್ಚುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಮನಃಪೂರ್ವಕವಾಗಿ ಬಿಟ್ಟುಕೊಡುವವರು ಖಂಡಿತ ಇದ್ದಾರೆ. ಆದರೆ ಬೇಡವೆನ್ನುವ ಸ್ವಾತಂತ್ರ್ಯ ಇಲ್ಲದವಳ ‘ಸ್ವಇಚ್ಛೆ’ ಎಂಥದು ಎಂಬುದು ಗೌರಮ್ಮನ ಮದುವೆಯ ಬಗ್ಗೆ ಕೇಳಬೇಕಾದ ಪ್ರಶ್ನೆಯೇ.

ಕಾನೂನು ನಮ್ಮಲ್ಲಿ ಹಿಂದೆ ಬಿದ್ದಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು ಸ್ತ್ರೀಧನದ ಮೇಲೆ ಹೆಣ್ಣಿಗೆ ಪೂರ್ಣ ಅಧಿಕಾರ ಕೊಟ್ಟಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಆ ಹೊತ್ತಿಗಾಗಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾಯ್ದೆ ಆ ಭೇದವನ್ನೂ ತೆಗೆಯಿತು. ಕಾಯ್ದೆ ಕೊಟ್ಟದ್ದನ್ನು ಮನೆಯ ಪ್ರೀತಿ ವಾಪಸು ಕೇಳುವುದೇ ಇಲ್ಲಿನ ತೊಡಕು. ಎದುರಿಗಿರುವವರು ಶತ್ರುಗಳಾಗಿದ್ದರೆ ಬೇಡವೆನ್ನುವುದು ಸುಲಭ. ಲಾಗಿನ್ ದಂಪತಿಯೂ ರಾಣಿಯೂ ಗೌರಮ್ಮನ ಒಳಿತನ್ನೇ ಬಯಸಿದ್ದರೆಂದು ನಂಬಲು ನನಗೆ ಅಡ್ಡಿಯಿಲ್ಲ. ಒಳಿತು ಬಯಸುವವರ ಕೈಯಲ್ಲೇ ಬೀಗದ ಕೈ ಉಳಿದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವಳ ಬದುಕು ಉದಾಹರಣೆ.

ಕೈಕೊಟ್ಟವನ ಎದುರು ಗೆದ್ದು ನಿಲ್ಲುವ ಹೆಣ್ಣಿನ ಕಥೆಯನ್ನು ಓದುವವರಿಗೆ ಬೇಡವೆನ್ನುವವನು ನಾನಲ್ಲ. ಓದಿ ಮುಗಿಸಿದ ಮೇಲೆ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಸಾಕು. ಅವಳ ಅಂಗಡಿ ಮುಳುಗಿದ್ದರೂ ಅವನನ್ನು ಆರಿಸಿಕೊಂಡದ್ದು ಅವಳ ಹಕ್ಕಾಗಿಯೇ ಇರುತ್ತಿತ್ತು. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿ ಅವಳ ಸೊಂಟದಲ್ಲಿ ಇರದಿದ್ದರೆ, ವ್ಯಾಪಾರ ಎಷ್ಟೇ ಕುದುರಿದ್ದರೂ ಅದನ್ನು ಅವಳ ಗೆಲುವು ಎಂದು ನಾನು ಕರೆಯುತ್ತಿರಲಿಲ್ಲ.